ಒಂದು ನದಿ, ಮೂರು ನಾಡು

ಗೆಳೆಯರೇ, ನಿಮಗೆ ದೊಡ್ಡ ರಜೆ ಎಂದರೆ ಏಪ್ರಿಲ್, ಮೇ ತಿಂಗಳು. ಜರ್ಮನಿಯಲ್ಲಿ ಓದುವ ವಿದ್ಯಾರ್ಥಿಗಳಿಗೆ ವಸಂತಕಾಲದಲ್ಲಿ ಒಂದು ರಜೆ ಬರುತ್ತದೆ. ಚಳಿಗಾಲದ ಪಾಠಗಳು ಫೆಬ್ರವರಿ ನಡುವಿಗೆ ಮುಗಿಯುತ್ತವೆ. ಮುಂದಿನ ಪಾಠಗಳು ಏಪ್ರಿಲ್ ನಡುವಿನಲ್ಲಿ ತೊಡಗುತ್ತವೆ. ಈ ಎರಡು ತಿಂಗಳಲ್ಲಿ ಕೆಲವರು ಉಳಿದ ಪರೀಕ್ಷೆಗಳನ್ನು ಬರೆಯುತ್ತಾರೆ. ಕೆಲವರು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು ಮುಂದಿನ ಖರ್ಚಿಗೆ ಹಣ ಕೂಡಿಸುತ್ತಾರೆ. ಕೆಲವರು ಊರು ಸುತ್ತುತ್ತಾರೆ. ನಾನು ಈ ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. 2025ರ ವಸಂತದಲ್ಲಿ ನಾನು ಕಂಡ ಊರುಗಳ ಕುರಿತು ನಿಮಗೆ ಹೇಳಬೇಕೆಂದಿದೆ.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯಲ್ಲಿ. ಮನೆಯೊಳಗೆ ಕನ್ನಡ, ನೆರೆಯವರೊಡನೆ ತುಳು, ಪೇಟೆಯಲ್ಲಿ ಮಲಯಾಳ. ಹೀಗೆ ಬೆಳೆದವರಿಗೆ ಇದು ವಿಶೇಷ ಎನಿಸುವುದಿಲ್ಲ. ಅರಣ್ಯ ವಿಜ್ಞಾನ ಓದಲೆಂದು ನಾನು ಸೇರಿದ್ದು ಜರ್ಮನಿಯ ನೈಋತ್ಯ ಮೂಲೆಯ ಫ್ರೈಬುರ್ಗ್ ನಗರದ ವಿಶ್ವವಿದ್ಯಾಲಯಕ್ಕೆ. ಅದು 1457ರಲ್ಲಿ ಸ್ಥಾಪನೆಯಾದದ್ದು. ನಗರದ ಬೆನ್ನಿಗೇ 'ಕಪ್ಪು ಕಾಡು' ಎಂಬ ಹೆಸರಿನ ಬೆಟ್ಟಸಾಲು ಇದೆ. ಹಳೆಯ ಪೇಟೆಯ ಬೀದಿಗಳ ಬದಿಯಲ್ಲಿ ನಮ್ಮ ತೋಟದ ಕಣಿಗಳಂತೆ ಸಣ್ಣ ಸಣ್ಣ ನೀರಿನ ಕಾಲುವೆಗಳು ಹರಿಯುತ್ತವೆ. ಅಲ್ಲಿನವರು ಅವನ್ನು 'ಬೆಖ್ಲೆ' ಎನ್ನುತ್ತಾರೆ. ನಾನು ತರಗತಿಯಲ್ಲಿ ಕಲಿತ ಜರ್ಮನ್ ಭಾಷೆಯಲ್ಲಿ ಈ ಪದದ ರೂಪ ಬೇರೆ. 'ಲೆ' ಎಂಬ ಕೊನೆಯ ಅಕ್ಷರ ಅಲೆಮಾನಿಕ್ ಎಂಬ ಅಲ್ಲಿನ ಆಡುಮಾತಿನ ಗುರುತು ಎಂದು ನನ್ನ ಕೋಣೆಯ ಪಕ್ಕದಲ್ಲಿದ್ದ ಸಹಪಾಠಿ ತಿಳಿಸಿದ. ಇದೇ ಮಾತು ರೈನ್ ನದಿಯ ಎರಡೂ ಕಡೆ, ಜರ್ಮನಿ, ಸ್ವಿಜರ್ಲ್ಯಾಂಡ್, ಫ್ರಾನ್ಸ್ ಎಂಬ ಮೂರು ದೇಶಗಳಲ್ಲಿ ಹಬ್ಬಿದೆ ಎಂದೂ ಹೇಳಿದ. ಗಡಿನಾಡಿನಿಂದ ಹೋದ ನನಗೆ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬುದು ಅಲ್ಲಿಗೇ ನಿಶ್ಚಯವಾಯಿತು.

ನಮ್ಮಂತಹ ವಿದ್ಯಾರ್ಥಿಗಳ ಪ್ರವಾಸ ಹೇಗೆ ನಡೆಯುತ್ತದೆಂದು ನೀವು ಕೇಳಬಹುದು. ಜರ್ಮನಿಯಲ್ಲಿ 2023ರಿಂದ ಇಡೀ ದೇಶಕ್ಕೆ ಒಂದೇ ತಿಂಗಳ ಟಿಕೆಟ್ ಇದೆ. 2025ರಲ್ಲಿ ಅದರ ಬೆಲೆ 58 ಯೂರೊ, ಎಂದರೆ ಸುಮಾರು ಐದೂವರೆ ಸಾವಿರ ರೂಪಾಯಿ. ಅದನ್ನು ಇಟ್ಟುಕೊಂಡು ಬಸ್ಸು, ಟ್ರಾಂ, ನಿಧಾನದ ರೈಲುಗಳಲ್ಲಿ ಬೇಕಾದಷ್ಟು ಸಾರಿ ಹೋಗಬಹುದು. ವೇಗದ ರೈಲಿಗೆ ಮಾತ್ರ ಅದು ಸಲ್ಲದು. ಜರ್ಮನಿಯಲ್ಲಿ ವಾಸಿಸುವ ಅನುಮತಿ ಪತ್ರ ಇದ್ದವರು ಆರು ತಿಂಗಳೊಳಗೆ 90 ದಿನಗಳವರೆಗೆ ನೆರೆಯ ದೇಶಗಳಲ್ಲಿ ಬೇರೆ ವೀಸಾ ಇಲ್ಲದೆ ತಿರುಗಾಡಬಹುದು. ಚೀಲದಲ್ಲಿ ಪಾಸ್‌ಪೋರ್ಟ್, ಅನುಮತಿ ಪತ್ರ, ಒಂದು ಡಬ್ಬ ಅವಲಕ್ಕಿ, ಅಮ್ಮ ಕಳುಹಿಸಿದ ಮಿಡಿ ಉಪ್ಪಿನಕಾಯಿ. ಇಷ್ಟೇ ನನ್ನ ಸಿದ್ಧತೆ.

ಮೊದಲು ಹೋದದ್ದು ಸ್ವಿಜರ್ಲ್ಯಾಂಡಿನ ಬಾಸೆಲ್ ನಗರಕ್ಕೆ. ಫ್ರೈಬುರ್ಗ್‌ನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಕಡಿಮೆ ದಾರಿ. ಅಲ್ಲಿ 'ಫಾಸ್ನಾಖ್ಟ್' ಎಂಬ ಹಬ್ಬ ಮೂರು ದಿನ ನಡೆಯುತ್ತದೆ. ಆ ವರ್ಷ ಅದು ಮಾರ್ಚ್ 10ರ ಸೋಮವಾರ ತೊಡಗಿತು. ನಸುಕಿನ ನಾಲ್ಕು ಗಂಟೆಗೆ ಸರಿಯಾಗಿ ಪೇಟೆಯ ಬೀದಿದೀಪಗಳೆಲ್ಲ ಆರುತ್ತವೆ. ಮರುಕ್ಷಣವೇ ಎಲ್ಲ ಗಲ್ಲಿಗಳಿಂದ ಕೊಳಲು, ಡೋಲುಗಳ ನಾದ ಏಳುತ್ತದೆ. ವೇಷಧಾರಿಗಳು ತಲೆಯ ಮೇಲೆ ಲಾಂದ್ರ ಹೊತ್ತು ಸಾಲಾಗಿ ಬರುತ್ತಾರೆ. ಹಿಂದಿನಿಂದ ಬಣ್ಣ ಬಳಿದ ಆಳೆತ್ತರದ ಲಾಂದ್ರಗಳು ಸಾಗುತ್ತವೆ. ದೀವಟಿಗೆಯ ಬೆಳಕಿನ ಕೋಲ, ಬೆಳಗಿನವರೆಗೆ ನಡೆಯುವ ಯಕ್ಷಗಾನ ನೋಡಿ ಬೆಳೆದ ನನಗೆ ಆ ಕತ್ತಲೆಯಲ್ಲಿ ನಿಲ್ಲುವುದು ಹೊಸದೆನಿಸಲಿಲ್ಲ. ಆದರೆ ಚಳಿಗೆ ಬೆರಳುಗಳು ಮರಗಟ್ಟಿದವು. ಈ ಹಬ್ಬವನ್ನು 2017ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಆ ಲಾಂದ್ರಗಳ ಮೇಲೆ ಬರೆದ ಪದ್ಯಗಳನ್ನು ನಾನು ಓದಲು ಯತ್ನಿಸಿದೆ. ಅರ್ಧವೂ ತಿಳಿಯಲಿಲ್ಲ. ಹಿಂದಿನ ವರ್ಷದ ಸುದ್ದಿಗಳನ್ನೂ ರಾಜಕಾರಣಿಗಳನ್ನೂ ಗೇಲಿ ಮಾಡುವ ಆ ಪದ್ಯಗಳೆಲ್ಲ ಬಾಸೆಲ್‌ನ ಆಡುಮಾತಿನಲ್ಲಿದ್ದವು. ನನಗೆ ಅಚ್ಚರಿಯಾದದ್ದು ಬೇರೊಂದು ಸಂಗತಿ. ಸ್ವಿಜರ್ಲ್ಯಾಂಡಿನ ಈ ಭಾಗದಲ್ಲಿ ವೈದ್ಯರು, ಪ್ರಾಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು, ಅಂಗಡಿಯವರು ಎಲ್ಲರೂ ತಮ್ಮೊಳಗೆ ಆಡುಮಾತನ್ನೇ ಆಡುತ್ತಾರೆ. ಮಕ್ಕಳು ಶಾಲೆಯಲ್ಲಿ ಶಿಷ್ಟ ಜರ್ಮನ್ ಬರೆಯಲು ಕಲಿಯುತ್ತಾರೆ; ಜತೆಗೆ ಫ್ರೆಂಚ್, ಇಂಗ್ಲಿಷ್ ಕಲಿಯುತ್ತಾರೆ. ಹೊರಗೆ ಬಂದೊಡನೆ ಮನೆಮಾತಿಗೆ ತಿರುಗುತ್ತಾರೆ. ಅದರಲ್ಲಿ ನಾಚಿಕೆಯಾಗಲಿ ಹೆಚ್ಚುಗಾರಿಕೆಯಾಗಲಿ ಕಾಣಲಿಲ್ಲ.

ಬಾಸೆಲ್ ಎಂಬ ಹೆಸರು ನಮಗೆ ಹೊಸದಲ್ಲ. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ ಈ ನಗರದ್ದೇ. ಅದರವರು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಆ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅವರಿಂದ. ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಅದೇ ಮಿಷನ್ನಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ ಆ ಗ್ರಂಥಕ್ಕೆ ಅವರು ಬಾಳಿನ ಬಹುಭಾಗವನ್ನು ಕೊಟ್ಟರು. ನಮ್ಮೂರಿನ ಮಾಡುಗಳಿಗೆ ಬಂದ ಮಂಗಳೂರು ಹಂಚಿನ ಕಾರ್ಖಾನೆಯನ್ನೂ 1865ರಲ್ಲಿ ಮೊದಲು ತೆರೆದವರು ಅವರೇ. ಹಬ್ಬದ ಗದ್ದಲ ತುಸು ತಗ್ಗಿದಾಗ ನಾನು ಮಿಷನ್ನಿನ ಮನೆಯ ತನಕ ನಡೆದುಹೋಗಿ ಹೊರಗಿನಿಂದ ನೋಡಿ ಬಂದೆ. ತಮ್ಮ ಊರಿನ ಮಾತನ್ನು ಬಿಟ್ಟುಕೊಡದ ಜನರ ನಗರದಿಂದ ಹೋದವರು ನಮ್ಮ ಮಾತಿನ ಪದಗಳನ್ನು ಒಂದೊಂದಾಗಿ ಕೂಡಿಸಿದರಲ್ಲ ಎನಿಸಿತು.

ಅಂದು ಮಧ್ಯಾಹ್ನ ಟ್ರಾಂ ಹತ್ತಿ ಗಡಿಯಾಚೆಯ ಜರ್ಮನಿಯ ವೈಲ್ ಎಂಬ ಊರಿಗೆ ಹೋದೆ. ಅಲ್ಲಿ ರೈನ್ ನದಿಗೆ ನಡೆದಾಡುವವರಿಗೂ ಸೈಕಲಿನವರಿಗೂ ಮಾತ್ರ ಮೀಸಲಾದ ಸೇತುವೆಯೊಂದಿದೆ. ಉದ್ದ 248 ಮೀಟರ್, 2007ರಲ್ಲಿ ತೆರೆದದ್ದು. ಈಚೆ ತುದಿ ಜರ್ಮನಿ, ಆಚೆ ತುದಿ ಫ್ರಾನ್ಸ್, ಕಣ್ಣಳತೆಯಲ್ಲಿ ಸ್ವಿಜರ್ಲ್ಯಾಂಡ್. ಹೆಂಗಸೊಬ್ಬಳು ಬ್ರೆಡ್ಡಿನ ಚೀಲ ಹಿಡಿದು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನಡೆದುಹೋದಳು. ಹಾಗೆಂದು ಗಡಿಯೇ ಅಳಿದುಹೋಗಿದೆ ಎಂದು ಭಾವಿಸಬೇಡಿ. 2020ರಲ್ಲಿ ಕೊರೊನಾ ಹಬ್ಬಿದಾಗ ಈ ಮೂರು ದೇಶಗಳ ನಡುವೆಯೂ ಗಡಿ ಮುಚ್ಚಿತ್ತು. ಅದೇ ದಿನಗಳಲ್ಲಿ ತಲಪಾಡಿಯಲ್ಲಿ ಬಸ್ಸುಗಳು ನಿಂತದ್ದನ್ನು ನಿಮ್ಮ ಮನೆಯವರು ಮರೆತಿರಲಾರರು.

ಆ ರಾತ್ರಿ ಊರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗನನ್ನು ಜೂನಿನಲ್ಲಿ ಒಂದನೇ ತರಗತಿಗೆ ಸೇರಿಸಬೇಕಿತ್ತು. "ಕನ್ನಡ ಕಲಿತರೆ ಮುಂದೆ ಅವನಿಗೆ ಎಂತ ಉಂಟು? ನೀನೇ ಹೇಳು. ನೀನೀಗ ಜರ್ಮನ್ ಕಲಿತು ಓದುವುದಲ್ವಾ?" ಎಂದು ಕೇಳಿದಳು. ಸುಮ್ಮನೆ ಕೇಳಿದ ಪ್ರಶ್ನೆ ಅದಲ್ಲ. ನಮ್ಮೂರಿನ ಶಾಲೆಯ ಕನ್ನಡ ವಿಭಾಗದಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ನನಗೂ ಗೊತ್ತಿತ್ತು. "ಇನ್ನೊಂದು ವಾರ ಕಳೆಯಲಿ, ಹೇಳ್ತೇನೆ" ಎಂದೆ.

ಮುಂದಿನ ವಾರ ಫ್ರಾನ್ಸಿನ ಕೋಲ್ಮಾರ್‌ಗೆ ಹೊರಟೆ. ಅದು ಅಲ್ಸಾಸ್ ಎಂಬ ಪ್ರಾಂತದ ಊರು. ಫ್ರೈಬುರ್ಗ್‌ನಿಂದ ಬ್ರೈಸಾಖ್ ತನಕ ರೈಲು, ಮುಂದೆ ಬಸ್ಸು. ಹಿಂದೆ ರೈಲೇ ನದಿ ದಾಟುತ್ತಿತ್ತು. 1945ರಲ್ಲಿ ಯುದ್ಧದಲ್ಲಿ ಮುರಿದ ಆ ರೈಲು ಸೇತುವೆಯನ್ನು ಮತ್ತೆ ಕಟ್ಟಿಲ್ಲ. ಅಲ್ಸಾಸ್ 1871ರಲ್ಲಿ ಜರ್ಮನಿಗೆ ಸೇರಿತು, ಮೊದಲ ಮಹಾಯುದ್ಧದ ಬಳಿಕ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಯ ಕೈಗೆ, ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ಫ್ರಾನ್ಸಿಗೆ. ಮನೆಯಿಂದ ಕದಲದೆಯೇ ನಾಲ್ಕು ಸಲ ದೇಶ ಬದಲಾದ ಜನ ಅವರು. ಪ್ರತಿಯೊಂದು ಸಲವೂ ಶಾಲೆಯ ಭಾಷೆ ಬದಲಾಯಿತು.

ಕೋಲ್ಮಾರ್‌ನಲ್ಲಿ 1865ರಲ್ಲಿ ಕಟ್ಟಿದ ಮಾಡಿನ ಮಾರುಕಟ್ಟೆ ಇದೆ. ಅಲ್ಲಿ ಗಿಣ್ಣು ಕೊಳ್ಳುತ್ತಿದ್ದ ಅಜ್ಜಿಯೊಬ್ಬರು ನನ್ನ ಹರಕು ಜರ್ಮನ್ ಕೇಳಿ ತಮ್ಮ ಮಾತಿನಲ್ಲೇ ಉತ್ತರಿಸಿದರು. ಮನೆಗೆ ಪಾಠದ ಜರ್ಮನ್‌ನಲ್ಲಿ 'ಹೌಸ್', ಬಾಸೆಲ್‌ನಲ್ಲಿ 'ಹೂಸ್', ಅವರ ಬಾಯಲ್ಲಿ 'ಹ್ಯೂಸ್'. ಅವರು ಶಾಲೆಗೆ ಹೋಗುವ ಕಾಲಕ್ಕೆ ಆ ಮಾತು ಆಡಿದರೆ ಶಿಕ್ಷೆಯಾಗುತ್ತಿತ್ತಂತೆ. ಹಾಗಾಗಿ ತಮ್ಮ ಮಕ್ಕಳೊಡನೆ ಫ್ರೆಂಚಿನಲ್ಲೇ ಮಾತಾಡಿದರಂತೆ. ಜತೆಗೆ ಬಂದಿದ್ದ ಮೊಮ್ಮಗಳಿಗೆ ನಮ್ಮ ಮಾತುಕತೆಯ ಒಂದು ಪದವೂ ತಿಳಿಯಲಿಲ್ಲ. ಅಜ್ಜಿ ಅವಳಿಗೆ ಫ್ರೆಂಚಿನಲ್ಲಿ ಅರ್ಥ ಹೇಳಿದರು. ಸಾವಿರಾರು ಮೈಲಿ ದೂರದಿಂದ ಬಂದ ನನಗೆ ಆ ಅಜ್ಜಿಯ ಮಾತು ಅಷ್ಟಿಷ್ಟು ತಿಳಿಯಿತು. ಕೈಹಿಡಿದು ನಿಂತ ಮೊಮ್ಮಗಳಿಗೆ ತಿಳಿಯಲಿಲ್ಲ. ಅಲ್ಸಾಸಿನಲ್ಲಿ ಈಗ ಆ ಮಾತನ್ನು ಚೆನ್ನಾಗಿ ಆಡುವವರು ಹೆಚ್ಚಾಗಿ ಹಿರಿಯರು. ಅದನ್ನು ಉಳಿಸಲು 1990ರ ದಶಕದ ಆರಂಭದಿಂದ ಕೆಲವು ತಂದೆತಾಯಿಗಳೇ ಕೂಡಿ ಎರಡು ಭಾಷೆಗಳ ಶಾಲೆಗಳನ್ನು ನಡೆಸುತ್ತಿದ್ದಾರೆ.

ಕೊನೆಗೆ ನೋಡಿದ್ದು ಸ್ಟ್ರಾಸ್‌ಬುರ್ಗ್. ಜರ್ಮನಿಯ ಕೇಲ್ ಎಂಬ ಊರಿನಿಂದ 2017ರಿಂದ ಟ್ರಾಂ ನದಿ ದಾಟಿ ಅಲ್ಲಿಗೆ ಹೋಗುತ್ತದೆ. 142 ಮೀಟರ್ ಎತ್ತರದ ಗೋಪುರವಿರುವ ಅಲ್ಲಿನ ದೇವಾಲಯವನ್ನು ಎಲ್ಲರೂ ನೋಡುತ್ತಾರೆ; ನಾನೂ ನೋಡಿದೆ. ಆ ಊರಿನ ಒಂದು ಹಳೆಯ ಕತೆ ನನಗೆ ಇನ್ನೂ ಹೆಚ್ಚು ಹಿಡಿಸಿತು. ಕ್ರಿ.ಶ. 842ರಲ್ಲಿ ಲೂಯಿ, ಚಾರ್ಲ್ಸ್ ಎಂಬ ಅಣ್ಣತಮ್ಮಂದಿರಾದ ಇಬ್ಬರು ಅರಸರು ಅಲ್ಲಿ ಸಖ್ಯದ ಪ್ರತಿಜ್ಞೆ ಮಾಡಿದರು. ಪೂರ್ವದ ಲೂಯಿ ಫ್ರೆಂಚಿನ ಹಳೆಯ ರೂಪದಲ್ಲಿ ಮಾತಾಡಿದ. ಪಶ್ಚಿಮದ ಚಾರ್ಲ್ಸ್ ಜರ್ಮನ್‌ನ ಹಳೆಯ ರೂಪದಲ್ಲಿ ಮಾತಾಡಿದ. ತಮ್ಮ ಮಾತು ಇನ್ನೊಬ್ಬನ ಸೈನಿಕರಿಗೆ ನೇರವಾಗಿ ತಿಳಿಯಲಿ ಎಂಬುದು ಅವರ ಉದ್ದೇಶ. ನೆರೆಯವನ ಭಾಷೆ ಕಲಿತದ್ದರಿಂದ ಇಬ್ಬರೂ ತಮ್ಮದನ್ನು ಕಳೆದುಕೊಳ್ಳಲಿಲ್ಲ.

ಫ್ರೈಬುರ್ಗ್‌ಗೆ ಮರಳಿ ಅಕ್ಕನಿಗೆ ಫೋನ್ ಮಾಡಿದೆ. ಬಾಸೆಲ್‌ನ ಲಾಂದ್ರಗಳನ್ನೂ ಕೋಲ್ಮಾರ್‌ನ ಅಜ್ಜಿಯನ್ನೂ ಕುರಿತು ಹೇಳಿದೆ. "ಮಲಯಾಳ ಅವನಿಗೆ ಆಟದ ಬಯಲಿನಲ್ಲೇ ಬರುತ್ತದೆ. ಇಂಗ್ಲಿಷನ್ನು ಕಲಿಸದೆ ಯಾರೂ ಬಿಡುವುದಿಲ್ಲ. ಕನ್ನಡ ಮಾತ್ರ ನೀನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ" ಎಂದೆ. "ನೋಡುವ" ಎಂದಳು. ಜೂನಿನಲ್ಲಿ ಅವಳು ಮಗನನ್ನು ಇಂಗ್ಲಿಷ್ ಮಾಧ್ಯಮಕ್ಕೇ ಸೇರಿಸಿದಳು. ಆದರೆ ಕನ್ನಡವನ್ನು ಮೊದಲ ಭಾಷೆಯಾಗಿ ಬರೆಸಿದಳು. ದಿನಾ ಸಂಜೆ ಅವನು ಅಜ್ಜನ ಬಳಿ ಕೂತು ಒಂದು ಪುಟ ಓದಬೇಕೆಂಬ ನಿಯಮವನ್ನೂ ಮಾಡಿದಳು. ಅಜ್ಜನೂ ಮೊಮ್ಮಗನೂ ಒಂದೇ ಭಾಷೆಯಲ್ಲಿ ಜಗಳಾಡುತ್ತಾರೆ ಎಂದು ಈಗ ಫೋನಿನಲ್ಲಿ ದೂರುತ್ತಾಳೆ.

ಒಂದೇ ನದಿ, ಒಂದೇ ಮಾತು. ಆದರೆ ಸ್ವಿಜರ್ಲ್ಯಾಂಡಿನಲ್ಲಿ ಅದು ಪೇಟೆಯ ಮಾತು, ಜರ್ಮನಿಯಲ್ಲಿ ಹೆಚ್ಚಾಗಿ ಹಳ್ಳಿಗಳ ಮಾತು, ಫ್ರಾನ್ಸಿನಲ್ಲಿ ಅಜ್ಜ ಅಜ್ಜಿಯರ ಮಾತು. ಗಡಿಗೆರೆಯನ್ನು ಎಳೆಯುವುದು ನಮ್ಮ ಕೈಯಲ್ಲಿಲ್ಲ. ಮನೆಯ ಚಾವಡಿಯಲ್ಲಿ ಯಾವ ಮಾತು ಕೇಳಿಸಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ನೀವೂ ಒಂದು ದಿನ ದೂರ ದೇಶಗಳಿಗೆ ಹೋಗುವಿರಿ, ಹೋಗಬೇಕು. ಅದಕ್ಕೆ ಮೊದಲು ಬರುವ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ತೋಟ, ಗದ್ದೆ, ಅಡುಗೆಮನೆಗಳಿಗೆ ಸಂಬಂಧಿಸಿದ, ಈ ಪುಸ್ತಕದಲ್ಲಿ ಇಲ್ಲದ ಹತ್ತು ಪದಗಳನ್ನು ಬರೆದುಕೊಳ್ಳಿ. ನೆರೆಮನೆಯವರು ಅದೇ ವಸ್ತುಗಳನ್ನು ತುಳುವಿನಲ್ಲಿ, ಮಲಯಾಳದಲ್ಲಿ ಏನೆನ್ನುತ್ತಾರೆಂದು ಪಕ್ಕದಲ್ಲಿ ಬರೆಯಿರಿ. ಅದೇ ನಿಮ್ಮ ಮೊದಲ ಪ್ರವಾಸ.