ಲೆಕ್ಕದ ಪುಸ್ತಕದಲ್ಲಿ ಇಲ್ಲದ ಕೂಲಿ

ನಮ್ಮ ತೋಟದ ಲೆಕ್ಕದ ಪುಸ್ತಕದಲ್ಲಿ ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲದಕ್ಕೂ ಒಂದೊಂದು ಸಾಲು ಇದೆ. ಜೇನುನೊಣಕ್ಕೆ ಮಾತ್ರ ಇಲ್ಲ.

ಅಡಿಕೆ ಮಧ್ಯೆ ಬೆಳೆಯೋ ಏಲಕ್ಕಿಯನ್ನೇ ತಗೊಳ್ಳಿ. ಅದರ ಹೂವು ಅರಳಿರೋದು ಒಂದೇ ದಿನ. ಪರಾಗ ತಾನಾಗೇ ಮುಟ್ಟಬೇಕಾದ ಜಾಗ ಮುಟ್ಟಲ್ಲ. ಮಕರಂದಕ್ಕೆ ಅಂತ ಬಂದ ತುಡುವೆ ಜೇನಿನ ಮೈಗೆ ಪರಾಗ ಅಂಟ್ಕೊಂಡು ಮುಂದಿನ ಹೂವಿಗೆ ಹೋಗುತ್ತೆ. ಜೇನಿಗೆ ಊಟ, ಗಿಡಕ್ಕೆ ಕಾಯಿ. ಇಬ್ಬರಲ್ಲಿ ಒಬ್ಬರು ಇಲ್ಲದಿದ್ರೂ ಇನ್ನೊಬ್ಬರಿಗೆ ಕಷ್ಟ.

ಈ ಕೆಲಸದ ಕೂಲಿ ಎಷ್ಟು ಅಂತ ನಮ್ಮನೇಲಿ ಗೊತ್ತಿರೋದು ಅಜ್ಜಿಗೆ. ನಮ್ಮೂರು ಸಾಗರದ ಹತ್ತಿರ. 2003ರ ಸುಮಾರಿಗೆ ವೆನಿಲ್ಲಾ ರೇಟು ಆಕಾಶಕ್ಕೆ ಏರಿದಾಗ ಮಲೆನಾಡಿನ ಎಷ್ಟೋ ಜನರ ಹಾಗೆ ನಮ್ಮನೆಯವರೂ ಬಳ್ಳಿ ಹಬ್ಬಿಸಿದ್ರು. ಆದ್ರೆ ವೆನಿಲ್ಲಾ ಮೆಕ್ಸಿಕೋ ಕಡೆಯ ಆರ್ಕಿಡ್. ಹೂವಿನ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ತೆಳು ಪರದೆಯಂಥದ್ದು ಇರುತ್ತೆ. ಅದನ್ನು ದಾಟಿಸೋ ಜೇನುಗಳು ಆ ಕಡೆಯವು. ಬಳ್ಳಿ ಇಲ್ಲಿಗೆ ಬಂತು, ಜೇನು ಬರ್ಲಿಲ್ಲ.

ಹಾಗಾಗಿ ಅಜ್ಜಿ ದಿನಾ ಬೆಳಿಗ್ಗೆ ಸಣ್ಣ ಕಡ್ಡಿ ಹಿಡ್ಕೊಂಡು ತೋಟಕ್ಕೆ ಇಳೀತಿದ್ರಂತೆ. ಪರದೆ ಎತ್ತಬೇಕು, ಹೆಬ್ಬೆರಳಲ್ಲಿ ಮೆತ್ತಗೆ ಒತ್ತಬೇಕು, ಆಮೇಲೆ ಮುಂದಿನ ಹೂವು. ಜ್ವರ ಬಂದ್ರೂ, ನೆಂಟರು ಬಂದ್ರೂ ಹೂವು ನಾಳೆವರೆಗೆ ಕಾಯಲ್ಲ. ಈ ವಿಧಾನವನ್ನು 1841ರಲ್ಲಿ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 12 ವರ್ಷದ ಗುಲಾಮ ಹುಡುಗ. ಜಗತ್ತಿನ ಹೆಚ್ಚಿನ ವೆನಿಲ್ಲಾ ಇವತ್ತಿಗೂ ಹೀಗೆ ಕೈಯಲ್ಲೇ ಕಾಯಿ ಕಟ್ಟೋದು.

ಒಂದೆರಡು ವರ್ಷದಲ್ಲಿ ರೇಟು ಬಿತ್ತು, ಬಳ್ಳಿ ಕಿತ್ತರು. ಇದೆಲ್ಲ ನಾನು ಹುಟ್ಟೋ ಮೊದಲಿನ ಕಥೆ.

ಈ ಮೇ ರಜೆಯಲ್ಲಿ ಅಪ್ಪ ಏಲಕ್ಕಿಗೆ ಥ್ರಿಪ್ಸ್ ಬಂದಿದೆ ಅಂತ ಔಷಧಿ ಹೊಡೆಸೋಕೆ ಹೊರಟ್ರು. ಅದೂ ಬೆಳಿಗ್ಗೆ, ಹೂವಿನ ತುಂಬಾ ಜೇನು ಇರೋ ಹೊತ್ತಲ್ಲಿ.

"ಸಂಜೆ ಜೇನೆಲ್ಲ ಗೂಡಿಗೆ ಹೋದ್ಮೇಲೆ ಹೊಡೆಸಿದ್ರೆ ಆಗಲ್ವಾ ಅಪ್ಪ?" ಅಂದೆ.

"ಸಂಜೆ ಆಳು ಯಾರು ಸಿಕ್ತಾರೋ?" ಅಂದ್ರು. ಅದೂ ನ್ಯಾಯವಾದ ಪ್ರಶ್ನೆನೇ, ನನ್ನ ಹತ್ರ ಉತ್ತರ ಇರ್ಲಿಲ್ಲ.

ಒಳಗಿಂದ ಅಜ್ಜಿ ದನಿ ಕೇಳಿಸ್ತು: "ಈಗಲೇ ಹೊಡೆಸು. ಆಮೇಲೆ ಏಲಕ್ಕಿಗೂ ಕಡ್ಡಿ ಹಿಡಿ ಅಂದ್ರೆ ಮಾತ್ರ ನನ್ನ ಕೈಲಿ ಆಗಲ್ಲ."

ಅವತ್ತು ಔಷಧಿ ಹೊಡೆದದ್ದು ಸಂಜೆಯೇ. ಆಳು ಸಿಗ್ಲಿಲ್ಲ, ಪಂಪು ಹೊತ್ತಿದ್ದು ನಾನು.