ಗುಂಡನ ಡೈರಿ 7: ಹಗ್ಗ ಅಮ್ಮನ ಕೈಗೆ

(1/3)

"ಗುಂಡನಿಗೆ ಯಾವ ಹಾರ್ನೆಸ್ ತಗೊಂಡೆ, ಲಿಂಕ್ ಕಳ್ಸು" ಅಂತ ಕ್ಲಾಸಿನ ಅರ್ಧ ಜನ ಮೆಸೇಜ್ ಮಾಡಿದ್ದೀರ. ಲಿಂಕ್ ಕೊಡಲ್ಲ ಕಣ್ರೋ. ನಿಮ್ಮ ಲ್ಯಾಬ್ರಡಾರ್ ಮೈಯೇ ಬೇರೆ, ಗುಂಡನ ಮೈಯೇ ಬೇರೆ. ಹೇಗೆ ಆರಿಸಿದೆ ಅನ್ನೋದನ್ನ ಹೇಳ್ತೀನಿ, ಅದಾದ್ರೆ ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಗುಂಡ ಮುಧೋಳ ನಾಯಿ. ಹೆಸರಷ್ಟೇ ಗುಂಡ, ಮೈ ಕಡ್ಡಿ. ತೂಕ 24 ಕೆಜಿ. ಓಡಿಸಿಕೊಂಡು ಹೋಗಿ ಬೇಟೆ ಹಿಡಿಯೋಕೆ ಅಂತಲೇ ಬೆಳೆಸಿದ ತಳಿ, ಕಣ್ಣು ಭಾರೀ ಚುರುಕು. ರಸ್ತೆಯ ಆ ತುದಿಯಲ್ಲಿ ಬೆಕ್ಕಿನ ಬಾಲ ಅಲ್ಲಾಡಿದ್ರೆ ಸಾಕು, ಈ ತುದಿಯಲ್ಲಿ ನಮ್ಮ ಭುಜ ಕಿತ್ತು ಬರುತ್ತೆ.

ಇಷ್ಟು ದಿನ ವಾಕಿಂಗ್ ನನ್ನ ಪಾಲಿಗಿತ್ತು. ಬರೋ ತಿಂಗಳಿಂದ ನಂಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್. ಹಗ್ಗ ಅಮ್ಮನ ಕೈಗೆ ಹೋಗುತ್ತೆ. ಅಮ್ಮ 52 ಕೆಜಿ, ಬಲಗೈ ಮಣಿಕಟ್ಟಲ್ಲಿ ಹಳೇ ನೋವು ಬೇರೆ. "ಯಾಕೆ ಕಷ್ಟ, ಟೆರೇಸ್ ಮೇಲೆ ಕಟ್ಟಿ ಹಾಕಿದ್ರಾಯ್ತು" ಅಂದ್ರು ಅಪ್ಪ. ಕೋಪದಲ್ಲಿ ಅಂದಿದ್ದಲ್ಲ, ಅಮ್ಮ ಬಿದ್ದುಬಿಟ್ರೆ ಅನ್ನೋ ಭಯ. ಆದ್ರೆ ಎಳೆಯೋ ನಾಯಿಗಳ ಕಥೆ ಎಷ್ಟೋ ಮನೆಗಳಲ್ಲಿ ಹಾಳಾಗೋದು ಇಲ್ಲಿಂದಲೇ. ಮೊದಲು ವಾಕಿಂಗ್ ಕಮ್ಮಿ ಆಗುತ್ತೆ. ಆಮೇಲೆ ನಿಂತೇ ಹೋಗುತ್ತೆ. ಕಟ್ಟಿದಲ್ಲೇ ಕೂತು ಇಡೀ ದಿನ ಬೊಗಳೋಕೆ ಶುರು ಮಾಡಿದ ಮೇಲೆ "ಯಾರಿಗಾದ್ರೂ ಕೊಟ್ಟುಬಿಡೋಣ" ಅನ್ನೋ ಮಾತು ಬರುತ್ತೆ.

ಹಾಗಾಗಿ ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ನನಗಿದ್ದಿದ್ದು ಒಂದೇ ಪ್ರಶ್ನೆ: ಅಮ್ಮನ ಕೈಲಿ ಗುಂಡ ನಿಲ್ತಾನಾ?

(2/3)

ಕುತ್ತಿಗೆ ಬೆಲ್ಟಿಗೆ ಹಗ್ಗ ಹಾಕೋದನ್ನ ಮೊದಲೇ ಬಿಟ್ಟೆ. ನಾಯಿ ಎಳೆದಾಗ ಭಾರವೆಲ್ಲ ಗಂಟಲ ಮೇಲೆ ಬೀಳುತ್ತೆ. ಬೆಲ್ಟ್ ಎಳೆತಕ್ಕೆ ಕಣ್ಣಿನೊಳಗಿನ ಒತ್ತಡ ಏರುತ್ತೆ, ಹಾರ್ನೆಸ್‌ನಲ್ಲಿ ಹಾಗಾಗಲ್ಲ ಅಂತ 2006ರ ಒಂದು ಅಧ್ಯಯನದಲ್ಲಿ ಅಳೆದು ನೋಡಿದ್ದಾರೆ. ಜೊತೆಗೆ ಮುಧೋಳದ ತಲೆ ಸಣ್ಣದು, ಉದ್ದ. ಹಿಂದಕ್ಕೆ ಒಮ್ಮೆ ಜಗ್ಗಿದ್ರೆ ಬೆಲ್ಟ್ ಕಿವಿ ದಾಟಿ ಕಳಚಿ ಬರುತ್ತೆ. ನಾಯಿ ಬೀದಿಲಿ, ಬೆಲ್ಟ್ ಕೈಲಿ.

ಇನ್ನು ಹಾರ್ನೆಸ್‌ಗಳು.

ಬೆನ್ನ ಮೇಲೆ ಮಾತ್ರ ರಿಂಗ್ ಇರೋದು: ಅಂಗಡಿಗಳಲ್ಲಿ ಜಾಸ್ತಿ ಸಿಗೋದು ಇದೇ. ಗಂಟಲಿಗೆ ಒಳ್ಳೇದು. ಆದ್ರೆ ಎತ್ತಿಗೆ ನೊಗ ಯಾಕೆ ಹಾಕ್ತಾರೆ ಯೋಚ್ನೆ ಮಾಡಿ. ನೋವಿಲ್ಲದೆ ಮೈಬಲವೆಲ್ಲ ಹಾಕಿ ಎಳೀಲಿ ಅಂತ. ಹಿಮದ ನಾಡಲ್ಲಿ ಜಾರುಬಂಡಿ ಎಳೆಯೋ ನಾಯಿಗಳಿಗೂ ಹಾರ್ನೆಸ್ಸೇ ಹಾಕೋದು. ಎಳೆಯೋ ನಾಯಿಗೆ ಇದೊಂದನ್ನೇ ಹಾಕಿದ್ರೆ "ಆರಾಮಾಗಿ ಎಳಿ ಮಗನೇ" ಅಂದಂಗೆ.

ಎದೆ ಮೇಲೂ ರಿಂಗ್ ಇರೋದು: ಹಗ್ಗ ಎದೆಗೆ ಸಿಕ್ಕಿಸಿದಾಗ ನಾಯಿ ಮುಂದಕ್ಕೆ ನುಗ್ಗಿದ ತಕ್ಷಣ ಎದೆ ಪಕ್ಕಕ್ಕೆ ತಿರುಗುತ್ತೆ, ಮುಖ ನಮ್ಮ ಕಡೆ ಬರುತ್ತೆ. ಬಲ ಅಷ್ಟೇ ಇರುತ್ತೆ, ದಿಕ್ಕು ತಪ್ಪುತ್ತೆ. ಅಮ್ಮನಿಗೆ ಬೇಕಿದ್ದಿದ್ದು ಇದು. ಒಂದು ಎಚ್ಚರಿಕೆ: ಕೆಲವದರಲ್ಲಿ ಎದೆಗೆ ಅಡ್ಡಪಟ್ಟಿ ಇರುತ್ತೆ. ಅದು ಭುಜದ ಕೀಲಿನ ಮೇಲೆ ಕೂತ್ರೆ ಮುಂಗಾಲು ಚಾಚೋಕೆ ತೊಂದರೆ. ಎದೆಮೂಳೆ ಮೇಲೆ ವೈ ಅಕ್ಷರದ ಥರ ಕೂರೋದನ್ನ ಹುಡುಕಿ.

ಮೂತಿಗೆ ಹಾಕೋ ಹಾಲ್ಟರ್: ನಿಧಾನವಾಗಿ ಅಭ್ಯಾಸ ಮಾಡಿಸಿದ್ರೆ ಕೆಲವು ನಾಯಿಗಳಿಗೆ ಆಗುತ್ತೆ. ಗುಂಡನ ಥರ ಥಟ್ಟನೆ ನೆಗೆಯೋ ನಾಯಿಗೆ ಕುತ್ತಿಗೆ ತಿರುಚೋ ಭಯ ಇದೆ. ಬೇಡ ಅಂದೆ.

ಮುಳ್ಳಿನ ಬೆಲ್ಟನ್ನ ಅಂಗಡಿಯವರು ತೋರಿಸಿದ್ರು. ಅದರ ಫೋಟೋ ಮನೇಲಿ ತೋರಿಸ್ದೆ. "ಮೊದ್ಲು ನಿನ್ ಕುತ್ತಿಗೆಗೆ ಹಾಕ್ಕೋ, ನೋಡೋಣ" ಅಂದ್ಲು ಅಮ್ಮ. ಅಲ್ಲಿಗೆ ಚರ್ಚೆ ಮುಗೀತು.

(3/3)

ಅಳತೆ ತಗೊಂಡಿದ್ದು ಅಮ್ಮನ ಹೊಲಿಗೆ ಟೇಪಲ್ಲಿ. ಕುತ್ತಿಗೆ ಬುಡ 42 ಸೆಂ.ಮೀ., ಮುಂಗಾಲಿನ ಹಿಂದೆ ಎದೆ ಸುತ್ತಳತೆ 70, ಸೊಂಟ 48. ಚಾರ್ಟ್ ನೋಡಿದ್ರೆ ಎದೆಗೆ ಲಾರ್ಜ್, ಕುತ್ತಿಗೆಗೆ ಮೀಡಿಯಂ! ಆಳವಾದ ಎದೆ, ಸಣ್ಣ ಸೊಂಟ ಇರೋ ನಾಯಿಗಳಿಗೆ ಬರೀ ತೂಕ ಹೇಳಿ ಹಾರ್ನೆಸ್ ತರೋಕಾಗಲ್ಲ. ಅದಕ್ಕೆ ಕುತ್ತಿಗೆ, ಎದೆ ಎರಡನ್ನೂ ಬೇರೆಬೇರೆಯಾಗಿ ಬಿಗಿ ಮಾಡೋಕೆ ಬರೋದನ್ನ ತಗೊಂಡೆ. ಪಕ್ಕೆಲುಬಿನ ಹಿಂದೆ ಇನ್ನೊಂದು ಪಟ್ಟಿ ಇದೆ (ಮೂರನೇ ಫೋಟೋ). ಅಷ್ಟು ಅಗಲದ ಎದೆ ಆ ಸೊಂಟದ ಪಟ್ಟಿಯೊಳಗೆ ತೂರಲ್ಲ, ಹಾಗಾಗಿ ಹಿಂದಕ್ಕೆ ಜಗ್ಗಿ ಕಳಚಿಕೊಳ್ಳೋದು ಕಷ್ಟ.

ಅಂಗಡಿಗೆ ಗುಂಡನನ್ನೇ ಕರ್ಕೊಂಡು ಹೋಗಿದ್ದೆ. ನೋಡಬೇಕಾದ್ದು ಇಷ್ಟು:
• ಪ್ರತಿ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಅಂಗೈ ಹೋಗಬಾರದು.
• ಮುಂಗಾಲಿನ ಕಂಕುಳಿಗೆ ಪಟ್ಟಿ ತಾಗಬಾರದು. ತಾಗಿದ್ರೆ ಚರ್ಮ ಉಜ್ಜಿ ಗಾಯ ಆಗುತ್ತೆ.
• ಎದುರಿಗೆ ನಿಂತು ಹಗ್ಗ ಮೆಲ್ಲಗೆ ಎಳೀರಿ. ನಾಯಿ ಹಿಂದೆ ಸರಿದು ಕಳಚಿಕೊಂಡ್ರೆ ಅದು ಬೇಡ. ಈ ಪರೀಕ್ಷೆ ಬಾಗಿಲು ಹಾಕಿದ ಜಾಗದಲ್ಲೇ ಮಾಡಿ.

ಹಗ್ಗ ಎರಡು ಕೊಕ್ಕೆಯದ್ದು, ಒಂದು ಎದೆಗೆ, ಒಂದು ಬೆನ್ನಿಗೆ. ತಾನೇ ಸುತ್ತಿಕೊಳ್ಳೋ ರೀಲ್ ಹಗ್ಗ ಬೇಡ. ಅದು ಉದ್ದ ಬಿಟ್ಟಷ್ಟೂ ನಾಯಿ ವೇಗ ಹಿಡಿದಿರುತ್ತೆ, ಜಗ್ಗೋದು ಜೋರಾಗುತ್ತೆ. ಅಮ್ಮನಿಗೆ ಒಂದೇ ನಿಯಮ ಹೇಳಿದೀನಿ: ಹಗ್ಗವನ್ನ ಮಣಿಕಟ್ಟಿಗೆ ಸುತ್ತಿಕೊಳ್ಳಬೇಡ.

ಈಗ ನಮ್ಮ ಬಿಕಾಂ ಭಾಷೆಗೆ ಬರೋಣ. ಹಾರ್ನೆಸ್ ಕ್ಯಾಪಿಟಲ್ ಖರ್ಚು, ಒಂದ್ಸಲ ಕೊಟ್ರೆ ಮುಗೀತು. ತರಬೇತಿ ರೆವೆನ್ಯೂ ಖರ್ಚು, ದಿನಾ ಕೊಡ್ತಾನೇ ಇರಬೇಕು. ಹಗ್ಗ ಬಿಗಿಯಾಯ್ತಾ, ನಿಂತುಬಿಡಿ. ಸಡಿಲ ಆಯ್ತಾ, ನಡೀರಿ. ನಮ್ಮ ಮೊಣಕಾಲ ಪಕ್ಕ ನಡೆದಾಗ ಬೇಯಿಸಿದ ಮೊಟ್ಟೆ ಚೂರು. ಮೊದಲ ದಿನ ಹಾಲಿನ ಬೂತಿನವರೆಗೆ ಹೋಗೋಕೆ ಅರ್ಧ ಗಂಟೆ ಹಿಡೀತು. ಬೀದಿಯವರೆಲ್ಲ ನಮ್ಮನ್ನೇ ನೋಡ್ತಿದ್ರು.

ಇವತ್ತಿಗೆ ಹನ್ನೊಂದು ದಿನ, ಅಮ್ಮನೇ ಹಿಡೀತಿದಾಳೆ, ನಾನು ಹಿಂದೆ ಬರೀ ಕೈಲಿ. ಮೊನ್ನೆ ಬೆಕ್ಕು ಬಂತು. ಗುಂಡ ನೆಗೆದ, ಗಿರ್ರನೆ ತಿರುಗಿದ, ಅಮ್ಮನ ಮುಖ ನೋಡ್ದ. ಅಮ್ಮ ಎರಡು ಹೆಜ್ಜೆ ಮುಂದೆ ಹೋದ್ಲು, ಆದ್ರೆ ಬೀಳಲಿಲ್ಲ. ಇನ್ನೂ ಎಳೀತಾನೆ, ಸುಳ್ಳು ಹೇಳಲ್ಲ. ಆದ್ರೆ ಈಗ ಅಮ್ಮನಿಗೆ ಹಿಡಿಯೋಕೆ ಆಗುತ್ತೆ.

ನೀವೂ ತಗೊಳ್ಳೋದಾದ್ರೆ ನಾಯಿ ಅಳತೆ ತಗೊಳ್ಳಿ. ಆಮೇಲೆ ಮನೇಲಿ ಎಲ್ಲರಿಗಿಂತ ಕಮ್ಮಿ ಬಲ ಇರೋರು ಯಾರು ನೋಡಿ, ಹಗ್ಗವನ್ನ ಅವರ ಕೈಗೆ ಕೊಟ್ಟು ಹತ್ತು ಹೆಜ್ಜೆ ನಡೆಸಿ. ಅವರು ಸರಿ ಅಂದ್ರೆ ದುಡ್ಡು ಕೊಡಿ.

#ಗುಂಡನಡೈರಿ #ಮುಧೋಳ #ನಾಯಿಪ್ರೀತಿ