ಹೆಗಲಿಗೇರಿದ ಶಿಲುಬೆ

ಶಿಲುಬೆಯೆಂಬುದು ಮೊದಲಿಗೆ ಪೂಜ್ಯವಸ್ತುವಾಗಿರಲಿಲ್ಲ. ಅದು ರೋಮನ್ ಪ್ರಭುತ್ವದ ದಂಡನೋಪಾಯವಾಗಿದ್ದಿತು. ದಾಸರಿಗೂ ದಂಗೆಕೋರರಿಗೂ ವಿಧಿಸತಕ್ಕ ಹೀನಮರಣ ಅದು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ನೇತೃತ್ವದ ದಾಸರ ದಂಗೆಯು ಮುರಿದುಬಿದ್ದ ಬಳಿಕ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಪುವಾ ನಗರದಿಂದ ರೋಮಿನವರೆಗಿನ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರೆಂದು ಇತಿಹಾಸಕಾರನಾದ ಅಪ್ಪಿಯನನು ಬರೆದಿದ್ದಾನೆ. ಆ ದಾರಿಯಲ್ಲಿ ನಡೆದವರಿಗೆ ಶಿಲುಬೆಯು ಸಾರುತ್ತಿದ್ದುದು ಒಂದೇ ಮಾತು: ತಲೆಯೆತ್ತಬೇಡ. ಅಂತಹ ಮರವನ್ನು ಇಂದು ಅದೇ ರೋಮಿಗೆ ಯಾತ್ರೆ ಬರುವ ಕ್ಯಾಥೊಲಿಕ್ ತರುಣರು ತಾವಾಗಿಯೇ ಹೆಗಲಿಗೇರಿಸಿಕೊಳ್ಳುತ್ತಾರೆ. ಇದರ ಒಳಗಿನ ಅರ್ಥವೇನೆಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಕ್ರಿಸ್ತನ ಮರಣದಿಂದ 1950 ವರ್ಷಗಳಾದುವೆಂದು 1983-84ರಲ್ಲಿ ಪವಿತ್ರ ವರ್ಷವೊಂದನ್ನು ಆಚರಿಸಿದಾಗ, ಸಂತ ಪೇತ್ರರ ಮಹಾದೇವಾಲಯದ ಪೀಠದ ಬಳಿಯಲ್ಲಿ 3.8 ಮೀಟರ್ ಎತ್ತರದ ಮರದ ಶಿಲುಬೆಯೊಂದನ್ನು ನಿಲ್ಲಿಸಲಾಯಿತು. ವರ್ಷವು ಮುಗಿದ ದಿನ, ಎಂದರೆ 1984ರ ಏಪ್ರಿಲ್ 22ರಂದು, ಪೋಪ್ ಎರಡನೆಯ ಜಾನ್ ಪಾಲರು ಅದನ್ನು ತರುಣರ ಕೈಗೊಪ್ಪಿಸಿ, ಲೋಕದಲ್ಲೆಲ್ಲ ಹೊತ್ತು ನಡೆಯಿರೆಂದು ಹರಸಿದರು. 1985ರಲ್ಲಿ ಅದು ಪ್ರಾಗ್ ನಗರಕ್ಕೆ ಹೋಯಿತು. ಧಾರ್ಮಿಕ ಜೀವನವೆಲ್ಲ ಆಗ ಅಲ್ಲಿ ಕಮ್ಯೂನಿಸ್ಟ್ ಸರಕಾರದ ಬಿಗಿಹತೋಟಿಯಲ್ಲಿದ್ದಿತು. 1986ರಿಂದ ನಡೆದುಬಂದಿರುವ ವಿಶ್ವ ಯುವ ದಿನದ ಸಮ್ಮೇಳನಗಳಿಗೆ ಅದೇ ಮುಖ್ಯ ಲಾಂಛನವಾಯಿತು.

ಈ ಶಿಲುಬೆಯಲ್ಲಿ ಚಿನ್ನದ ಕೆಲಸವಿಲ್ಲ, ಕ್ರಿಸ್ತನ ವಿಗ್ರಹವೂ ಇಲ್ಲ; ಬರಿಯ ಮರ. ಕೊರಳಿನಲ್ಲಿ ಧರಿಸುವ ಶಿಲುಬೆಗೆ ಭಾರವಿಲ್ಲ. ಇದಕ್ಕಾದರೋ ಹಲವು ಹೆಗಲುಗಳು ಬೇಕು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂಬ ಗಾದೆಯ ಸತ್ಯವನ್ನು ಯಾತ್ರಿಕನು ಇಲ್ಲಿ ಮೈಯಿಂದಲೇ ಕಲಿಯುತ್ತಾನೆ. ಮುಂದಿನವನು ಎಡವಿದರೆ ಹಿಂದಿನವನಿಗೆ ತಿಳಿಯುತ್ತದೆ. ಎತ್ತರದವನು ಕುಳ್ಳನಿಗಾಗಿ ಬಾಗಲೇಬೇಕಾಗುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಸಿರೇನೆಯ ಸೀಮೋನನೆಂಬವನ ಪ್ರಸಂಗ ಬರುತ್ತದೆ. ಆತನು ಹಳ್ಳಿಗಾಡಿನಿಂದ ಬರುತ್ತಿದ್ದ ದಾರಿಹೋಕ. ಶಿಷ್ಯನೂ ಅಲ್ಲ, ಬಂಧುವೂ ಅಲ್ಲ. ಸಿಪಾಯಿಗಳು ಹಿಡಿದು ಬಲಾತ್ಕರಿಸಿದುದರಿಂದ ಯೇಸುವಿನ ಶಿಲುಬೆಯನ್ನು ಹೊತ್ತನು. ಕಷ್ಟವೆಂಬುದು ಬಹುಮಟ್ಟಿಗೆ ಹೀಗೆಯೇ, ಕೇಳದೆ ಬಂದು ಹೆಗಲಮೇಲೆ ಬೀಳುತ್ತದೆ. ತರುಣನು ತಾನಾಗಿ ಒಂದು ದಿನ ಮರವನ್ನು ಹೊರುವುದು, ಕೇಳದೆ ಬರುವ ಹೊರೆಗೆ ಹೆಗಲನ್ನು ಸಿದ್ಧಪಡಿಸಿಕೊಳ್ಳುವ ಸಾಧನೆಯಾಗಿರುತ್ತದೆ.

ಆದರೆ ಇದೇ ಚಿಹ್ನೆಯು ಅಪಾರ್ಥಕ್ಕೂ ಎಡೆಗೊಟ್ಟಿದೆಯೆಂಬುದನ್ನು ಮರೆಮಾಚಲಾಗದು. 1095ರಲ್ಲಿ ಪೋಪ್ ಎರಡನೆಯ ಅರ್ಬನನು ಕ್ಲೆರ್ಮಾಂಟಿನಲ್ಲಿ ಕರೆ ಕೊಟ್ಟಾಗ, ಜನರು ಬಟ್ಟೆಯ ಶಿಲುಬೆಗಳನ್ನು ಉಡುಪಿನ ಮೇಲೆ ಹೊಲಿದುಕೊಂಡು ಯುದ್ಧಕ್ಕೆ ಹೊರಟರು. 1099ರಲ್ಲಿ ಜೆರುಸಲೇಮನ್ನು ಗೆದ್ದು, ಅಲ್ಲಿನ ಮುಸಲ್ಮಾನರನ್ನೂ ಯೆಹೂದ್ಯರನ್ನೂ ಕೊಂದರು. ಎದೆಯ ಮೇಲೆ ಹೊಲಿದ ಶಿಲುಬೆಯು ಕೈಗಳನ್ನು ಕತ್ತಿಗಾಗಿ ತೆರವಾಗಿಯೇ ಬಿಟ್ಟಿತ್ತು. ಹೆಗಲಿನ ಶಿಲುಬೆಯಾದರೋ ಎರಡು ಕೈಗಳನ್ನೂ ಬೇಡುತ್ತದೆ. ಯಾವ ತರುಣನಿಗೆ ಶಿಲುಬೆಯು ಇನ್ನೊಬ್ಬರನ್ನು ಗೆಲ್ಲುವ ಧ್ವಜವಾಗಿ ತೋರುವುದೋ, ಆತನು ಕಪುವಾದ ಹೆದ್ದಾರಿಯಲ್ಲಿ ಮಡಿದವರ ಪಕ್ಷವನ್ನು ತೊರೆದು ಮಡಿಸಿದವರ ಪಕ್ಷಕ್ಕೆ ಸೇರಿದಂತಾಯಿತು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಸಾವಿರಾರು ಜನ ಮಡಿದರಷ್ಟೆ. ಟೊರಾಂಟೊ ಸಮ್ಮೇಳನಕ್ಕಾಗಿ ಕೆನಡ ದೇಶದಲ್ಲಿ ಸಂಚರಿಸುತ್ತಿದ್ದ ಈ ಶಿಲುಬೆಯನ್ನು 2002ರ ಫೆಬ್ರವರಿಯಲ್ಲಿ ಆ ಸ್ಥಳಕ್ಕೆ ಒಯ್ದರು. ಅಲ್ಲಿ ಯಾವ ಉಪದೇಶ ತಾನೇ ಸಲ್ಲುತ್ತಿತ್ತು? ಮಗನನ್ನು ಕಳೆದುಕೊಂಡ ತಾಯಿಗೆ, ದೇವರು ಇದನ್ನೇಕೆ ತಡೆಯಲಿಲ್ಲವೆಂಬುದಕ್ಕೆ ಶಿಲುಬೆಯು ಉತ್ತರ ಕೊಡದು. ದೇವರು ನೋವಿನ ಹೊರಗೆ ನಿಂತು ನೋಡುವವನಲ್ಲ, ಒಳಗೆ ಬಂದು ಅನುಭವಿಸಿದವನು ಎಂಬಷ್ಟನ್ನೇ ಅದು ಸೂಚಿಸುತ್ತದೆ. ಕ್ರೈಸ್ತರ ನಂಬಿಕೆಯ ತಿರುಳು ಇದೇ. ಅದನ್ನು ನಂಬಿದವನು ದುಃಖಿತರ ಬಳಿಗೆ ವಾದವನ್ನು ಕೊಂಡೊಯ್ಯದೆ ತನ್ನನ್ನೇ ಕೊಂಡೊಯ್ಯಬೇಕಾಗುತ್ತದೆ.

ಈ ಶಿಲುಬೆಯು ಯಾರ ಸ್ವತ್ತಾಗಿಯೂ ಉಳಿಯತಕ್ಕದ್ದಲ್ಲ. 2024ರ ನವೆಂಬರ್ 24ರಂದು ರೋಮಿನಲ್ಲಿ ಪೋರ್ತುಗಲ್ಲಿನ ತರುಣರು ಅದನ್ನು ಕೊರಿಯದ ತರುಣರಿಗೆ ಒಪ್ಪಿಸಿದರು. ಕೊರಿಯಕ್ಕೆ ಶಿಲುಬೆಯ ಭಾರ ಹೊಸದಲ್ಲ. ತರುಣರಿಗೆ ಶಿಲುಬೆಯನ್ನು ಕೊಟ್ಟ ಎರಡೇ ವಾರಗಳ ಬಳಿಕ, 1984ರ ಮೇ 6ರಂದು, ಅದೇ ಪೋಪರು ಸೋಲ್ ನಗರದಲ್ಲಿ 103 ಮಂದಿ ಹುತಾತ್ಮರಿಗೆ ಸಂತಪದವಿಯನ್ನು ಘೋಷಿಸಿದ್ದರು. ಅವರಲ್ಲೊಬ್ಬನಾದ ಕಿಮ್ ತೆಗೊನ್ ಕೊರಿಯದ ಮೊದಲನೆಯ ದೇಶೀಯ ಪಾದ್ರಿ. 1846ರಲ್ಲಿ ಶಿರಚ್ಛೇದಕ್ಕೆ ಗುರಿಯಾದಾಗ ಆತನಿಗೆ 25 ವರ್ಷ. ಇಂದಿನ ಯಾತ್ರಿಕರ ವಯಸ್ಸೂ ಹೆಚ್ಚುಕಡಮೆ ಅದೇ.

ಅಂತಹ ಮರಣವು ಎಲ್ಲರ ಪಾಲಿಗೂ ಬರುವುದಿಲ್ಲ. ಸಮ್ಮೇಳನವು ಮುಗಿಯುತ್ತದೆ, ಹಾಡು ನಿಲ್ಲುತ್ತದೆ, ಮರವು ಬೇರೊಂದು ದೇಶದ ಹೆಗಲುಗಳನ್ನೇರುತ್ತದೆ. ಊರಿಗೆ ಹಿಂದಿರುಗಿದ ತರುಣನು ಕಾಯಿಲೆಬಿದ್ದ ತಂದೆಯ ಮಂಚದ ಬಳಿ ಬೇಸರವಿಲ್ಲದೆ ರಾತ್ರಿಯೆಲ್ಲ ಕುಳಿತಿರಬಲ್ಲನೆ, ನೆರೆಮನೆಯವನ ಸಾಲದ ಚಿಂತೆಯನ್ನು ಕಿವಿಗೊಟ್ಟು ಕೇಳಬಲ್ಲನೆ, ಎಂಬುದನ್ನು ನೋಡಿದರೆ ಯಾತ್ರೆಯು ಸಫಲವಾಯಿತೋ ಇಲ್ಲವೋ ಮನೆಯವರಿಗೇ ತಿಳಿಯುತ್ತದೆ.